ಹೋಬಳಿಯಾದ್ಯಂತ ಹದ ಮಳೆ

ಮೂರು ತಾಲ್ಲೂಕಿನ ಜನ ನನ್ನನ್ನು ಪೇಪರ್ ಗಂಗಣ್ಣ ಎಂದೇ ಕರೆಯುತ್ತಿದ್ದರು. ಪೇಪರಿನವರು ನನ್ನನ್ನು ಬಿಟ್ಟು ವರ್ಷಗಳಾದರೂ ಕೆಲವರು ಈಗಲೂ ಹಾಗೆಯೇ ಕರೆಯುತ್ತಾರೆ. ತಿಪಟೂರಿನಲ್ಲಿ ಮನೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗೆ ಮೊದಮೊದಲು ಬಸ್ಸು, ಆಮೇಲೆ ಒದ್ದರೂ ಸ್ಟಾರ್ಟ್ ಆಗದ ಒಂದು ಸ್ಕೂಟರು. ದಿನಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರ ಎಂಬುದು ನನ್ನ ಹುದ್ದೆಯ ಹೆಸರು. ಅರೆ ಎನ್ನುವ ಮಾತು ಸಂಬಳಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಕೆಲಸ ಪೂರ್ತಿಯೇ ಇತ್ತು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಮೇಜಿನ ಮೇಲೆ ಫೋನ್ ಇಟ್ಟು ‘ಸಾರ್, ನಿಮ್ಮ ಅನುಭವ ಹೇಳಿ’ ಎನ್ನುತ್ತಾರೆ. ಫೋನು ಕೇಳಿಸಿಕೊಳ್ಳುತ್ತಿದೆ ಎಂದು ಗೊತ್ತಾದ ಕೂಡಲೇ ನನ್ನ ಬಾಯಿಯಿಂದ ಭಾಷಣ ಬರುತ್ತದೆ. ಪತ್ರಿಕಾ ಧರ್ಮ, ಸಮಾಜದ ಕನ್ನಡಿ, ನಾಲ್ಕನೆಯ ಅಂಗ. ಅವರು ಖುಷಿಯಾಗಿ ಹೋಗುತ್ತಾರೆ, ನಾನು ಬಾಗಿಲು ಹಾಕಿಕೊಂಡು ನನ್ನನ್ನೇ ಬೈದುಕೊಳ್ಳುತ್ತೇನೆ. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಸಕ್ಕರೆ ಬೆರೆಸುವ ಮನಸ್ಸು ನನಗಿಲ್ಲ.

ನಾನು ಸೇರಿದಾಗ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಬರೆದ ಹಾಳೆಗಳನ್ನು ಕವರಿಗೆ ತುಂಬಿ, ಮೇಲೆ ದಪ್ಪ ಅಕ್ಷರದಲ್ಲಿ ‘ತುರ್ತು ಸುದ್ದಿ’ ಎಂದು ಬರೆದು, ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಕೈಗೆ ಕೊಡಬೇಕು. ತುಮಕೂರಿನಲ್ಲಿ ಆಫೀಸಿನವರು ಬಂದು ಇಸಿದುಕೊಳ್ಳಬೇಕು. ಕಂಡಕ್ಟರಿಗೆ ನೆನಪಿದ್ದರೆ ಸುದ್ದಿ, ಮರೆತರೆ ಅದು ಡಿಪೋಗೆ ಹೋಗಿ ಮಲಗುತ್ತಿತ್ತು. ಮುಂದೆ ಫ್ಯಾಕ್ಸ್ ಬಂತು, ಮಿಂಚಂಚೆ ಬಂತು, ಕೊನೆಗೆ ವಾಟ್ಸ್ಆ್ಯಪ್ ಬಂತು. ಕಳಿಸುವುದು ಸುಲಭವಾಗುತ್ತ ಬಂದಂತೆ ನಾನು ಹಳ್ಳಿಗೆ ಹೋಗುವುದು ಕಡಿಮೆಯಾಯಿತು. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ನಾನೇ ಕಲಿತುಕೊಂಡೆ.

ಬಸ್ಸಿನ ಕಾಲದ ಒಂದು ಎಡವಟ್ಟು ಹೇಳುತ್ತೇನೆ. ತುರುವೇಕೆರೆಯಲ್ಲಿ ಕಬಡ್ಡಿ ಪಂದ್ಯಾವಳಿ. ಫೈನಲ್ ಮುಗಿಯುವ ಹೊತ್ತಿಗೆ ಸರಿಯಾಗಿ ಕೊನೆಯ ಬಸ್ಸು ಹೊರಡುತ್ತದೆ. ದಂಡಿನಶಿವರದ ಹುಡುಗರು ಬಹಳ ಮುಂದಿದ್ದರು. ಇನ್ನೇನು ಉಳಿದಿದೆ ಎಂದುಕೊಂಡು ‘ದಂಡಿನಶಿವರ ತಂಡಕ್ಕೆ ಭರ್ಜರಿ ಜಯ’ ಎಂದು ಬರೆದು ಕವರ್ ಕೊಟ್ಟುಬಿಟ್ಟೆ. ವಾಪಸು ಬರುವಷ್ಟರಲ್ಲಿ ಎದುರು ತಂಡದವನೊಬ್ಬ ಒಂದೇ ರೈಡಿನಲ್ಲಿ ಮೂವರನ್ನು ಹೊಡೆದು ಆಟವನ್ನೇ ತಿರುಗಿಸಿದ್ದ. ಮಾರನೆಯ ದಿನ ಗೆದ್ದ ತಂಡದ ನಾಯಕ ತಿಪಟೂರಿಗೆ ಬಂದು, ಕಪ್ಪನ್ನು ನನ್ನ ಮನೆಯ ಮೆಟ್ಟಿಲ ಮೇಲಿಟ್ಟ.

“ಸಾರ್, ಇದ್ ಯಾರ್ದು ಅಂತ ಒಂದ್ಕಿತ ಹೇಳ್ಬುಡಿ. ನಿಮ್ ಪೇಪರ್ ಪ್ರಕಾರ ನಾನಿದನ್ನ ಕದ್ದಿರ್ಬೇಕು ಕಣ್ರೀ” ಎಂದ.

ಕಾಫಿ ಕುಡಿಸಿ ಕಳಿಸಿದೆ. ತುಮಕೂರಿನ ಡೆಸ್ಕಿನ ಮುಖ್ಯಸ್ಥರಿಗೆ ಫೋನ್ ಮಾಡಿ ತಿದ್ದುಪಡಿ ಹಾಕಿ ಎಂದರೆ ಅವರು ನಕ್ಕರು. “ಬಿಡ್ರೀ ಗಂಗಣ್ಣ, ಇವತ್ತಿನ ಪೇಪರು ನಾಳೆ ಬೋಂಡದ ಅಂಗಡಿಗೆ. ಯಾರು ಇಟ್ಕೋತಾರೆ?” ಎಂದರು. ನನಗೂ ಹಾಯೆನಿಸಿತು. ಅವತ್ತೇ ಅವರು ಗದರಿಸಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಈ ಮುಖ್ಯಸ್ಥರ ಬಗ್ಗೆ ಒಂದೆರಡು ಮಾತು ಹೇಳಬೇಕು. ಕೆಟ್ಟವರಲ್ಲ. ಬೀಡಾ ಜಗಿಯುತ್ತ ಅರ್ಧ ನಿಮಿಷದಲ್ಲಿ ತಲೆಬರಹ ಕೊಡುತ್ತಿದ್ದರು, ಏಕೆಂದರೆ ತಲೆಬರಹಗಳೆಲ್ಲ ಅವರ ಬಳಿ ಮೊದಲೇ ತಯಾರಿದ್ದವು. ಮಳೆ ಬಂದರೆ ‘ರೈತರ ಮೊಗದಲ್ಲಿ ಮಂದಹಾಸ’. ಬಾರದಿದ್ದರೆ ‘ಮುಗಿಲತ್ತ ಮುಖ ಮಾಡಿದ ರೈತ’. ಕೊಬ್ಬರಿ ಧಾರಣೆ ಏರಿದರೂ ಮಂದಹಾಸವೇ, ಇಳಿದರೆ ‘ಕಂಗಾಲು’. ನಮ್ಮ ಸೀಮೆಯ ರೈತ ವರ್ಷವಿಡೀ ಈ ಎರಡು ಮುಖ ಬಿಟ್ಟು ಮೂರನೆಯದನ್ನು ಹೊತ್ತದ್ದು ನಮ್ಮ ಪತ್ರಿಕೆಯಲ್ಲಿ ಕಾಣಿಸಲೇ ಇಲ್ಲ.

ಮುಗಿಲು ನೋಡುವ ರೈತನ ಫೋಟೊ ತೆಗೆದವನೂ ನಾನೇ. ದಂಡಿನಶಿವರದ ಹತ್ತಿರ ಒಂದು ತೋಟ. ಟವೆಲ್ ಸುತ್ತಿಕೊಂಡ ಅಜ್ಜನೊಬ್ಬ ಹುಬ್ಬಿಗೆ ಕೈ ಅಡ್ಡ ಇಟ್ಟು ಮೇಲೆ ನೋಡುತ್ತಿದ್ದ. ನಿಜಕ್ಕೂ ಅವನು ನೋಡುತ್ತಿದ್ದದ್ದು ಮೋಡವನ್ನಲ್ಲ, ಮರ ಹತ್ತಿ ಕಾಯಿ ಕೆಡವುತ್ತಿದ್ದವನನ್ನು. ತಲೆಯ ಮೇಲೆ ಕಾಯಿ ಬಿದ್ದೀತೆಂದು ಹೆದರಿ ನೋಡುತ್ತಿದ್ದ. ಡೆಸ್ಕಿನಲ್ಲಿ ಮರವನ್ನು ಕತ್ತರಿಸಿ ಮುಖವನ್ನಷ್ಟೇ ಉಳಿಸಿದರು. ಆಮೇಲೆ ಬರ ಬಂದಾಗಲೆಲ್ಲ ಆ ಅಜ್ಜ ಪತ್ರಿಕೆಯಲ್ಲಿ ಹಾಜರು. ಒಂದು ವರ್ಷ ಅವನ ಮಗ ನನ್ನನ್ನು ಬಸ್ ನಿಲ್ದಾಣದಲ್ಲಿ ಹಿಡಿದ.

“ಏನ್ ಗಂಗಣ್ಣ, ನಮ್ಮಪ್ಪ ತೀರ್ಕಂಡು ವರ್ಸದ ತಿಥೀನೂ ಆಯ್ತು. ನಿಮ್ ಪೇಪರ್ನಾಗೆ ಇನ್ನೂ ಮಳೆ ಕಾಯ್ತಾ ನಿಂತವ್ನಲ್ಲ!”

ಅವನು ತಮಾಷೆಗೆ ಹೇಳಿದನೋ ನೋವಿನಿಂದ ಹೇಳಿದನೋ ಆಗ ತಿಳಿಯಲಿಲ್ಲ. ನಾನು ಹಲ್ಲು ಬಿಟ್ಟೆ.

ಹೊರಗಿನವರಿಗೆ ನಮ್ಮ ಸೀಮೆಯ ಬರ ಕಾಣುವುದೇ ಇಲ್ಲ. ಕಾರಣ ತೆಂಗು. ಮಳೆ ಬಿದ್ದರೂ ಬೀಳದಿದ್ದರೂ ಅದು ಮೇಲೆ ಹಸಿರಾಗಿಯೇ ಇರುತ್ತದೆ. ಈ ವರ್ಷದ ಬರ ಮರದಲ್ಲಿ ಗೊತ್ತಾಗುವುದು ಮುಂದಿನ ವರ್ಷ, ಹರಳು, ಅಂದರೆ ಎಳೆಯ ಮಿಡಿಗಾಯಿ, ಉದುರಿ ಗೊನೆ ಬೋಳಾದಾಗ. ಬರ ಪರಿಶೀಲನೆಗೆಂದು ದೂರದಿಂದ ಬರುವ ದೊಡ್ಡವರು ಹೆದ್ದಾರಿಯಲ್ಲಿ ಕಾರಿನೊಳಗೆ ಕುಳಿತು ಎರಡೂ ಕಡೆಯ ತೋಟ ನೋಡಿ, ಎಳನೀರು ಕುಡಿದು, ‘ಪರವಾಗಿಲ್ಲವಲ್ಲ, ಹಸಿರಾಗಿದೆ’ ಎಂದು ಹೋಗುತ್ತಾರೆ. ತೋಟದ ಹಿಂದಿನ ರಾಗಿ ಹೊಲ, ಅದರ ಹಿಂದಿನ ಗುಡ್ಡ, ಗುಡ್ಡದ ಬುಡದ ಹಟ್ಟಿ ರಸ್ತೆಗೆ ಕಾಣುವುದಿಲ್ಲ. ಇದರ ಬಗ್ಗೆ ನಾನು ಬರೆದದ್ದು ನಾಲ್ಕಾರು ಸಲ ಅಚ್ಚಾಗಿದೆ, ಹೆಮ್ಮೆಯೂ ಪಟ್ಟಿದ್ದೇನೆ. ರಸ್ತೆಯ ಮೇಲೇ ಕುಳಿತು ನಿರ್ಧಾರ ಮಾಡುವ ಸಾಹೇಬರನ್ನು ಚೆನ್ನಾಗಿ ಆಡಿಕೊಂಡಿದ್ದೇನೆ.

ಆಮೇಲೆ ನಮ್ಮ ಪುರವಣಿಗೆ ವಾರದ ಅಂಕಣ ಬೇಕಾಯಿತು. ಮುಖ್ಯಸ್ಥರು ನನಗೆ ಹೇಳಿದರು. “ಗಂಗಣ್ಣ, ಓದೋರಿಗೆ ವಾರಕ್ಕೊಂದು ರುಚಿ ಬೇಕು ಕಣ್ರೀ. ಒಂದು ವಾರ ಬೇಸಾಯ, ಒಂದು ವಾರ ವ್ಯಾಪಾರ, ಒಂದು ವಾರ ಆಟ, ಒಂದು ವಾರ ತಿರುಗಾಟ. ನಿಮ್ಮ ಭಾವಚಿತ್ರ ಹಾಕ್ತೀವಿ.”

ಭಾವಚಿತ್ರ ಎಂದಾಗಲೇ ನಾನು ಬಿದ್ದೆ. ವ್ಯಾಪಾರದ ವಾರ ಕೊಬ್ಬರಿ ಮಂಡಿಗೆ ಹೋಗಿ ಕೂರುತ್ತಿದ್ದೆ. ಅಟ್ಟದ ಮೇಲೆ ವರ್ಷ ಕಳೆದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟುಕೊಂಡು ಲೊಟಲೊಟ ಅನ್ನುವುದನ್ನು ಕೇಳಿಯೇ ಗುಣ ಹೇಳುವ ವರ್ತಕರ ಬಗ್ಗೆ ಬರೆದೆ. ತಿರುಗಾಟದ ವಾರ ಅರಳಗುಪ್ಪೆಯ ಹಳೆಯ ದೇವಸ್ಥಾನದ ಬಗ್ಗೆ ಬರೆದು, ‘ಬಸ್ಸಿನ ಅನುಕೂಲ ಚೆನ್ನಾಗಿದೆ’ ಎಂದು ಒಂದು ಸಾಲು ಸೇರಿಸಿದ್ದೆ. ಭಾನುವಾರ ಬೆಂಗಳೂರಿನಿಂದ ಬಂದ ಸಂಸಾರವೊಂದು ವಾಪಸು ಬಸ್ಸಿಲ್ಲದೆ ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕುಳಿತು ನನಗೆ ಹಿಡಿಶಾಪ ಹಾಕಿತಂತೆ. ನಾನು ಹೋಗಿದ್ದದ್ದು ವಾರದ ದಿನ. ಭಾನುವಾರ ಬಸ್ಸು ಇರುತ್ತದೆಯೋ ಇಲ್ಲವೋ ಎಂದು ಯಾರನ್ನೂ ಕೇಳಿರಲಿಲ್ಲ. ಇಂಥವೆಲ್ಲ ಸಣ್ಣ ತಪ್ಪುಗಳು ಎಂದು ನಾನು ಎಣಿಸಿದ್ದೆ.

ಈಗ ದೊಡ್ಡದಕ್ಕೆ ಬರುತ್ತೇನೆ. ಯಾವ ತಾಲ್ಲೂಕು, ಯಾವ ಹೋಬಳಿ ಎಂದು ಬರೆಯುವುದಿಲ್ಲ. ನಾನು ಓಡಾಡಿದ ಮೂರರಲ್ಲಿ ಒಂದು ಎಂದುಕೊಂಡರೆ ಸಾಕು.

ಆ ಹೋಬಳಿಯ ಅಂಚಿನ ಒಂದು ಹಟ್ಟಿಯಲ್ಲಿ ಈರಕ್ಕ ಇದ್ದಳು. ದನ ಕುರಿ ಸಾಕುವ ಜನ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಓದು ಬರಹ ಇಲ್ಲ, ಆದರೆ ಹಟ್ಟಿಯ ಪರವಾಗಿ ಯಾವ ಕಚೇರಿಯ ಮೆಟ್ಟಿಲನ್ನಾದರೂ ಹತ್ತುವ ಎದೆ ಇತ್ತು. ಅವರ ಹಟ್ಟಿಯಲ್ಲಿ ದೇವರ ಎತ್ತುಗಳಿದ್ದವು. ಹೊರಗಿನವರಿಗೆ ಇದು ಗೊತ್ತಿರಬೇಕು: ದೇವರಿಗೆ ಬಿಟ್ಟ ಎತ್ತನ್ನು ನೊಗಕ್ಕೆ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಬರ ಬಂದಾಗ ಊರಿನವರು ಮೇವಿಲ್ಲದ ದನವನ್ನು ಸಂತೆಗೆ ಹೊಡೆದು ಕೈತೊಳೆದುಕೊಳ್ಳಬಹುದು. ಹಟ್ಟಿಯವರಿಗೆ ಆ ದಾರಿ ಇಲ್ಲ. ಮೇವು ಸಿಗಬೇಕು, ಇಲ್ಲವೇ ಕಣ್ಣೆದುರಿಗೆ ಅವು ಸಾಯುವುದನ್ನು ನೋಡಬೇಕು.

ಎರಡನೆಯ ವರ್ಷವೂ ಮಳೆ ಕೈಕೊಟ್ಟಿತ್ತು. ರೋಹಿಣಿ ಹೋಯಿತು, ಮೃಗಶಿರ ಹೋಯಿತು, ಆರಿದ್ರೆಯೂ ಹೋಯಿತು. ತಮ್ಮ ಕಡೆ ಸರ್ಕಾರದ ಮೇವು ಕೇಂದ್ರ ತೆರೆಯಬೇಕೆಂದು ಹಟ್ಟಿಯವರು ಅರ್ಜಿ ಕೊಟ್ಟರು. ಬರೆದುಕೊಟ್ಟವನು ನಾನೇ. ಹೆಬ್ಬೆಟ್ಟು ಒತ್ತುವಾಗ ಈರಕ್ಕ ಹೇಳಿದಳು: “ಬಸ್ವನ ಪಕ್ಕೆ ಎಲುಬು ಎಣಿಸ್ಬೋದು ಕಣ್ಸಾಮಿ. ಬೇಗ ಆಯ್ತದಾ?”

“ಆಗುತ್ತಕ್ಕ” ಎಂದೆ.

ಅದಾಗಿ ಕೆಲವು ದಿನಕ್ಕೆ, ಪುಷ್ಯ ಮಳೆಯಲ್ಲಿ, ಒಂದು ಸಂಜೆ ನಾನು ಆ ಹೋಬಳಿ ಕೇಂದ್ರದ ಟೀ ಅಂಗಡಿಯಲ್ಲಿದ್ದೆ. ಇದ್ದಕ್ಕಿದ್ದಂತೆ ಮೋಡ ಕವಿದು ಧಪಧಪನೆ ಮಳೆ ಸುರಿಯಿತು. ಅರ್ಧ ಗಂಟೆ ಇರಬಹುದು. ಚರಂಡಿ ಉಕ್ಕಿ ರಸ್ತೆಯ ಮೇಲೆ ನೀರು ಬಂತು. ಅಂಗಡಿಯವನು ಹೊರಗೆ ಬಂದು ಅಂಗೈ ಒಡ್ಡಿ ನಿಂತ. ನನಗೂ ಕುಣಿಯುವಂತಾಗಿತ್ತು, ಸುಳ್ಳು ಹೇಳುವುದಿಲ್ಲ. ಅಲ್ಲೇ ಕುಳಿತು ಫೋನಿನಲ್ಲಿ ಎಂಟು ಸಾಲು ಬರೆದೆ. ‘ಹೋಬಳಿ ಕೇಂದ್ರದಲ್ಲಿ ಮಳೆ’ ಎಂದು ಬರೆದರೆ ಡೆಸ್ಕಿನವರು ಮೂಲೆಯಲ್ಲಿ ಒಂದು ತುಣುಕು ಹಾಕುತ್ತಾರೆ. ‘ಹೋಬಳಿಯಾದ್ಯಂತ’ ಎಂದರೆ ಮೂರು ಕಾಲಂ. ನನ್ನ ಬೆರಳಿಗೆ ಆ ಅಭ್ಯಾಸ ಎಷ್ಟೋ ವರ್ಷದಿಂದ ಇತ್ತು. ಹೋಬಳಿಯಾದ್ಯಂತ ಮಳೆ, ತಾಲ್ಲೂಕಿನಾದ್ಯಂತ ಸಂಭ್ರಮ, ಜಿಲ್ಲೆಯಾದ್ಯಂತ ಪ್ರತಿಭಟನೆ. ಇಷ್ಟಕ್ಕೆ ನಿಲ್ಲಿಸದೆ ‘ಹದ ಮಳೆ’ ಎಂದೂ ಸೇರಿಸಿದೆ. ಹದ ಮಳೆ ಎಂದರೆ ಹೊಲದ ಮಣ್ಣನ್ನು ಹಿಡಿಯಷ್ಟು ತೆಗೆದು ಹಿಸುಕಿದರೆ ಉಂಡೆಯಾಗಬೇಕು, ಬಿತ್ತಲು ಬರಬೇಕು. ನಾನು ಯಾವ ಹೊಲದ ಮಣ್ಣನ್ನೂ ಹಿಸುಕಿ ನೋಡಿರಲಿಲ್ಲ. ಟೀ ಮುಗಿಸಿ ಕಳಿಸಿದೆ. ಮಂದಹಾಸವನ್ನು ಮುಖ್ಯಸ್ಥರು ತಮ್ಮ ಕಡೆಯಿಂದ ಸೇರಿಸಿಕೊಂಡರು.

ಹಟ್ಟಿಯ ಕಡೆ ಅವತ್ತು ಒಂದು ಹನಿಯೂ ಬಿದ್ದಿರಲಿಲ್ಲ.

ಒಂದೂವರೆ ತಿಂಗಳ ಮೇಲೆ ಮೇವು ಕೇಂದ್ರಗಳ ಪಟ್ಟಿ ಬಂತು. ಪಕ್ಕದ ಹೋಬಳಿಗೆ ಸಿಕ್ಕಿತ್ತು, ಇದಕ್ಕೆ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಒಳ್ಳೆಯ ಸುದ್ದಿ ಸಿಕ್ಕಿತು ಎಂಬ ಚುರುಕೂ ಆ ಸಿಟ್ಟಿನಲ್ಲಿ ಬೆರೆತಿತ್ತು. ಈರಕ್ಕನನ್ನು ಕರೆದುಕೊಂಡೇ ತಾಲ್ಲೂಕು ಕಚೇರಿಗೆ ಹೋದೆ. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ ಶಿರಸ್ತೇದಾರರ ಮುಂದೆ ಕುಳಿತು ದನಿ ಏರಿಸಿದೆ.

ಅವರು ವಯಸ್ಸಾದ ಮನುಷ್ಯ. ಕನ್ನಡಕ ಒರೆಸಿಕೊಂಡು ಕಡತ ತರಿಸಿದರು.

“ನೋಡಿ ಗಂಗಣ್ಣ, ಮಳೆ ಅಳೆಯೋ ಮಾಪಕ ಇರೋದು ಹೋಬಳಿ ಕೇಂದ್ರದಲ್ಲಿ. ಅದ್ರಲ್ಲಿ ಅವತ್ತು ಒಳ್ಳೆ ಮಳೆ ದಾಖಲಾಗಿದೆ. ಹಟ್ಟಿಯೋರು ‘ನಮ್ಮ ಕಡೆ ಬಿದ್ದಿಲ್ಲ’ ಅಂತ ಎರಡನೇ ಅರ್ಜಿ ಕೊಟ್ರು. ಸಾಹೇಬ್ರಿಗೂ ಅನುಮಾನ ಬಂತು. ಸುತ್ತಮುತ್ಲು ನಿಜವಾಗ್ಲೂ ಬಿದ್ದಿದೆಯಾ, ಪತ್ರಿಕೆಯೋರು ಏನು ಬರೆದವ್ರೆ ನೋಡಿ ಅಂದ್ರು. ನೋಡಿದ್ವಿ.”

ಕಡತವನ್ನು ನನ್ನ ಕಡೆಗೆ ತಿರುಗಿಸಿದರು. ಬಿಳಿ ಹಾಳೆಗೆ ಅಂಟಿಸಿದ ನನ್ನ ಎಂಟು ಸಾಲು. ‘ಹೋಬಳಿಯಾದ್ಯಂತ ಹದ ಮಳೆ’ ಎಂಬುದರ ಕೆಳಗೆ ಕೆಂಪು ಶಾಯಿಯ ಗೆರೆ.

“ನೀವು ಬರ್ದಿದ್ದು ಅಂತ ಗೊತ್ತಾದ್ಮೇಲೆ ಸಾಹೇಬ್ರು ಮರುಮಾತಾಡಲಿಲ್ಲ” ಎಂದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ನನ್ನ ಮೇಲೆ ನಿಜವಾಗಿಯೂ ಗೌರವ ಇಟ್ಟು ಹೇಳಿದ ಮಾತು ಅದು.

“ಈಗ ಸರಿ ಮಾಡೋಕೆ ಬರಲ್ವಾ?” ಎಂದೆ.

“ಬರದೆ ಏನು? ಬರ್ದಿದ್ದು ತಪ್ಪು, ಆ ಕಡೆ ಮಳೆ ಬಿದ್ದಿಲ್ಲ ಅಂತ ಪತ್ರಿಕೆಯಲ್ಲೇ ಹಾಕಿಸಿ. ಅದನ್ನೂ ಅಂಟಿಸಿ ಮೇಲಕ್ಕೆ ಕಳಿಸ್ತೀನಿ. ಒಂದು ವಾರದ ಕೆಲಸ.”

ಹೊರಗೆ ಬಂದೆ. ಈರಕ್ಕ ಜಗಲಿಯ ಮೇಲೆ ಕುಳಿತಿದ್ದಳು. ಒಳಗಿನ ಮಾತು ಅವಳಿಗೆ ಕೇಳಿಸಿರಲಿಲ್ಲ.

“ಏನಂತವ್ರೆ ಸಾಮಿ?”

ನಾನೇ ಬರೆದು ಕೆಡಿಸಿದೆ ಎಂಬ ನಾಲ್ಕು ಮಾತು ಬಾಯಿಗೆ ಬಂದವು, ಹೊರಗೆ ಬರಲಿಲ್ಲ.

“ಮೇಲಿನೋರು ಏನೋ ತಕರಾರು ತೆಗ್ದಿದ್ದಾರಕ್ಕ. ಸರಿ ಮಾಡಿಸ್ತೀನಿ.”

“ಆಗಾಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ. ಹಟ್ಟಿ ಯಜಮಾನ್ರು ದನಾನೆಲ್ಲ ಹೇಮಾವತಿ ನಾಲೆ ಕಡೀಕೆ ಹೊಡ್ಕಂಡು ಹೋಗಾನ ಅಂತವ್ರೆ. ಮೂರ್ ದಿನದ ದಾರಿ.”

“ಅಷ್ಟು ದೂರ ಯಾಕಕ್ಕ? ಇನ್ನೊಂದು ವಾರ ನೋಡಿ. ಬಂದೇ ಬರುತ್ತೆ.”

ಅವಳು ತಲೆಯಾಡಿಸಿ ಬಸ್ಸು ಹತ್ತಿದಳು.

ಅವತ್ತೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. “ಮಳೆ ಬಂದಿದ್ದಕ್ಕೆ ಯಾರಾದ್ರೂ ತಿದ್ದುಪಡಿ ಹಾಕ್ತಾರೇನ್ರೀ? ಹುಚ್ಚು ಹಿಡಿದಿದೆಯಾ?” ಎಂದರು. ಅಲ್ಲಿಗೆ ಅವರ ಪಾಲಿನ ತಪ್ಪು ಮುಗಿಯಿತು. ಮುಂದಿನದೆಲ್ಲ ನನ್ನದು, ಯಾಕೆಂದರೆ ನನ್ನ ಕೈಯಲ್ಲೇ ವಾರದ ಅಂಕಣವಿತ್ತು. ಅದರಲ್ಲಿ ನಾನು ಬರೆದದ್ದನ್ನು ಅವರು ಓದದೆಯೇ ಅಚ್ಚಿಗೆ ಕಳಿಸುತ್ತಿದ್ದರು. ನಾಲ್ಕು ಸಾಲು ಸಾಕಿತ್ತು.

ಮೊದಲ ವಾರ ಕುಳಿತೆ. ‘ನಾನು ಬರೆದ ಸುದ್ದಿ ತಪ್ಪಾಗಿತ್ತು’ ಎಂಬ ವಾಕ್ಯ ಬರೆದು ನೋಡಿದೆ. ಪಕ್ಕದಲ್ಲಿ ನನ್ನ ನಗುವ ಭಾವಚಿತ್ರ ಇರುತ್ತದೆ. ತಿಪಟೂರಿನ ಬಸ್ ನಿಲ್ದಾಣದಲ್ಲಿ ಜನ ಏನಂದಾರು, ಬೇರೆ ಪತ್ರಿಕೆಗಳ ವರದಿಗಾರರು ಎಷ್ಟು ನಕ್ಕಾರು, ಕಚೇರಿಗಳಲ್ಲಿ ಇನ್ನು ಮುಂದೆ ಕುರ್ಚಿ ಕೊಟ್ಟಾರೇ ಎಂದೆಲ್ಲ ಯೋಚಿಸಿದೆ. ಅಳಿಸಿ, ಕೊಬ್ಬರಿ ಧಾರಣೆಯ ಬಗ್ಗೆ ಬರೆದೆ. ಎರಡನೆಯ ವಾರ ವಾಲಿಬಾಲ್ ಪಂದ್ಯಾವಳಿ. ಮೂರನೆಯ ವಾರ ಹಾಸನದ ಕಡೆ ಹೋಗಿ ಬಂದ ತಿರುಗಾಟ. ದಾರಿಯಲ್ಲಿ ತಿಂದ ದೋಸೆಯ ವರ್ಣನೆಗೇ ಒಂದು ಪ್ಯಾರಾ ಕೊಟ್ಟಿದ್ದೇನೆ. ಆ ಕಟಿಂಗ್ ಈಗಲೂ ನನ್ನ ಬಳಿ ಇದೆ. ಒಳ್ಳೆಯ ಬರವಣಿಗೆ, ಓದಿದರೆ ವಾಕರಿಕೆ ಬರುತ್ತದೆ.

ಈ ನಡುವೆ ಈರಕ್ಕ ಪಕ್ಕದ ಊರಿನ ಅಂಗಡಿಯಿಂದ ಎರಡು ಸಲ ಫೋನ್ ಮಾಡಿಸಿದಳು. “ಬತ್ತೈತಾ ಸಾಮಿ?” ಎಂದಳು. ಎರಡು ಸಲವೂ “ಇನ್ನೇನು ಬಂತಕ್ಕ” ಎಂದೆ.

ನಾಲ್ಕನೆಯ ವಾರ ಬೇಸಾಯದ ಸರದಿ. ಆಗ ಬರದ ಬಗ್ಗೆ ಬರೆದೆ. ಹಟ್ಟಿ, ದೇವರ ಎತ್ತು, ಗುಡ್ಡದ ಬುಡದ ಬೋಳು ನೆಲ, ಹೆದ್ದಾರಿಯಿಂದ ಕಾಣದ ಬರ, ಕಾರಿನಲ್ಲಿ ಬರುವ ಅಧಿಕಾರಿಗಳು, ಕಣ್ಣಿಲ್ಲದ ಕಡತ. ಎಲ್ಲ ಇತ್ತು. ನಾನೊಬ್ಬ ಮಾತ್ರ ಇರಲಿಲ್ಲ. ಆದ್ಯಂತ ಎಂಬ ಪದವನ್ನು ಹುಷಾರಾಗಿ ತಪ್ಪಿಸಿದ್ದೆ. ಶಿರಸ್ತೇದಾರರು ಕೇಳಿದ್ದ ಸಾಲು ಅದರಲ್ಲಿ ಇಲ್ಲದ್ದರಿಂದ ಅವರು ಅದನ್ನು ಕಡತಕ್ಕೆ ಅಂಟಿಸಲಿಲ್ಲ. ಓದಿದವರು ಮಾತ್ರ ಫೋನ್ ಮಾಡಿ ಮಾಡಿ ಹೊಗಳಿದರು. ಕಣ್ಣಲ್ಲಿ ನೀರು ಬಂತು ಎಂದವರಿದ್ದರು. ವರ್ಷದ ಕೊನೆಗೆ ಒಂದು ಸಭೆಯಲ್ಲಿ ‘ಬರದ ಬವಣೆಗೆ ದನಿಯಾದ ಲೇಖಕ’ ಎಂದು ಕೂರಿಸಿ ಶಾಲು ಹೊದಿಸಿ ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೊಟ್ಟರು. ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಂತು.

ಅಷ್ಟರಲ್ಲಿ ಹಟ್ಟಿಯವರು ಎರಡು ಎತ್ತುಗಳನ್ನು ಮಣ್ಣು ಮಾಡಿದ್ದರು. ಅವುಗಳಲ್ಲಿ ಒಂದು ಈರಕ್ಕ ಬಸವ ಎಂದು ಕರೆಯುತ್ತಿದ್ದ ಎತ್ತು. ನನಗೆ ಬೇರೆಯವರಿಂದ ತಿಳಿಯಿತು. ನಾನು ಹೋಗಲಿಲ್ಲ. ಆ ಹೋಬಳಿಯ ಸುದ್ದಿಯನ್ನೇ ಫೋನಿನಲ್ಲಿ ತರಿಸಿಕೊಳ್ಳುವುದು ರೂಢಿ ಮಾಡಿಕೊಂಡೆ. ವರ್ಷಗಳು ಹೀಗೇ ಕಳೆದವು, ಕೆಲಸವೂ ಮುಗಿಯಿತು.

ಕೆಲಸ ಮುಗಿದ ಮೇಲೆ ಮನೆಯಲ್ಲಿ ಕುಳಿತವನಿಗೆ ಬೇರೇನೂ ಕಾಡಲಿಲ್ಲ. ಕಬಡ್ಡಿಯವನ ಕಪ್ಪು, ಸತ್ತ ಅಜ್ಜನ ಫೋಟೊ, ಅರಳಗುಪ್ಪೆಯ ಕಟ್ಟೆಯ ಮೇಲೆ ಕುಳಿತ ಸಂಸಾರ, ಎಲ್ಲಕ್ಕೂ ನಗಬಲ್ಲೆ. ಆ ಎಂಟು ಸಾಲಿಗೆ ಮಾತ್ರ ನಗು ಬರುವುದಿಲ್ಲ. ಹೋದ ಬೇಸಿಗೆಯಲ್ಲಿ ಗಟ್ಟಿ ಮನಸ್ಸು ಮಾಡಿ, ಅದರ ಕಟಿಂಗನ್ನು ಚೀಲದಲ್ಲಿಟ್ಟುಕೊಂಡು ಹಟ್ಟಿಗೆ ಹೋದೆ. ಓದಿ ಹೇಳಿ ಕಾಲಿಗೆ ಬೀಳುವುದು, ಏನು ಬೈದರೂ ಬೈಸಿಕೊಳ್ಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬರೆಯುವವನ ಚಾಳಿ, ತಪ್ಪೊಪ್ಪಿಗೆಯಲ್ಲೂ ಒಳ್ಳೆಯ ಶಬ್ದ ಹುಡುಕುತ್ತಿದ್ದೆ.

ಈರಕ್ಕ ಮನೆಯ ಮುಂದೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ಕಣ್ಣು ಮಂಜಾಗಿತ್ತು. ದನಿಯಿಂದ ಗುರುತು ಹಿಡಿದಳು.

“ಪೇಪರ್ ಗಂಗಣ್ನೋರಾ? ಬನ್ನಿ ಸಾಮಿ, ಕುಂತ್ಕಳಿ.”

ಕುಳಿತು ಎಲ್ಲ ಹೇಳಿದೆ. ಅವತ್ತಿನ ಮಳೆ, ನಾನು ಬರೆದದ್ದು, ಕಡತದಲ್ಲಿ ಅಂಟಿಸಿದ್ದು, ಅದರಿಂದಲೇ ಮೇವು ಕೇಂದ್ರ ತಪ್ಪಿದ್ದು. ಅವಳು ಕುಟ್ಟುವುದನ್ನು ನಿಲ್ಲಿಸದೆ ಕೇಳಿದಳು. ನನ್ನ ಮಾತು ಮುಗಿದ ಮೇಲೆ ಕುಟ್ಟಿದ ಹಣ್ಣಿನಿಂದ ಒಂದು ಬೀಜ ಆರಿಸಿ ಎಸೆದಳು.

“ಪೇಪರ್ನಾಗೆ ಬರ್ದಿದ್ದು ಬುಡಿ ಸಾಮಿ. ನಾವೇನು ಓದ್ತೀವಾ? ಅದ್ಯಾವುದೋ ಕಚೇರಿ ಮಾತು, ಇವತ್ತು ಹಿಂಗಂತಾರೆ, ನಾಳೆ ಹಂಗಂತಾರೆ. ನಮ್ ಹಟ್ಟಿಗೆ ಸರ್ಕಾರದ ಮೇವು ಯಾವತ್ತು ಬಂದಿತ್ತು, ಇವತ್ತು ಬರಾಕೆ?”

ನನ್ನ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಅದು ಪೂರ್ತಿ ಸರಿಯುವ ಮೊದಲೇ ಅವಳು ಕೈಯ ಗುಂಡುಕಲ್ಲನ್ನು ಕೆಳಗಿಟ್ಟಳು.

“ಅವತ್ತು ಕಚೇರಿ ಜಗಲಿ ಮೇಲೆ ಕುಂತಿದ್ನಲ್ಲ, ಆಗ್ಲೇ ನಿಮ್ಗೆ ಗೊತ್ತಿತ್ತಾ, ಅದು ಬರಾಕಿಲ್ಲ ಅಂತ?”

ನಾಲ್ಕು ಸಾಲು ಬರೆದರೆ ಬರುತ್ತದೆ ಎಂದು ಗೊತ್ತಿತ್ತು. ಬರೆಯುವುದಿಲ್ಲ ಎಂಬುದೂ ಬಹುಶಃ ಒಳಗೆಲ್ಲೋ ಗೊತ್ತಿತ್ತು.

“ಗೊತ್ತಿತ್ತಕ್ಕ” ಎಂದೆ.

“ಹಟ್ಟಿ ಯಜಮಾನ್ರು ದನ ಹೊಡೀರಿ ಅಂತ ನಿಂತಿದ್ರು. ನಾನೇ ಬ್ಯಾಡ ಅಂದೆ. ಗಂಗಣ್ನೋರು ಬತ್ತೈತೆ ಅಂದವ್ರೆ, ತಡೀರಿ ಅಂದೆ. ಎಲ್ಡ್ ಕಿತ ಫೋನ್ ಮಾಡ್ಸಿ ಕೇಳ್ದೆ, ಎಲ್ಡ್ ಕಿತಾನೂ ಬಂತು ಅಂದ್ರಿ. ತಿಂಗ್ಳಾದ್ಮೇಲೆ ಹೊಡ್ಕಂಡು ಹೊಂಟ್ವಿ. ಮೊದಲ್ನೇ ದಿನ್ವೇ ಬಸ್ವ ಕುಂತ್ಬುಟ್ಟ. ಏಳ್ಸಾಕೆ ಹೊಡಿಯಂಗಿಲ್ಲ, ದೇವ್ರ ಎತ್ತು.” ಈರಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. “ಅವಕ್ಕೆ ನಡ್ಯಾ ಸಕ್ತಿ ಇದ್ದಾಗ ಇರಿ ಅಂದಿದ್ದು ನಾನು. ಅವತ್ತಿಂದ ಇಷ್ಟ್ ವರ್ಸ ಹಟ್ಟಿಯೋರು ನನ್ನ ಮಾತ್ನ ಯಾವ್ದುಕ್ಕೂ ಕೇಳಿಲ್ಲ ಸಾಮಿ.”

ಆಮೇಲೆ ಅವಳು ಒಳಗಿನವರನ್ನು ಕೂಗಿ ನನಗೆ ಮಜ್ಜಿಗೆ ತರಲು ಹೇಳಿದಳು.